ಸಿರಿಗೆರೆಯ ಆಡಳಿತ ಮಂಡಳಿಯಲ್ಲಿ ಪೋಷಕರ ಜಾಗ ಎಲ್ಲಿ?

ಚಿತ್ರದುರ್ಗದಿಂದ ದಾವಣಗೆರೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಸಿರಿಗೆರೆ ತಾಲ್ಲೂಕು ಕೇಂದ್ರವೂ ಅಲ್ಲ. ಆದರೂ ನೂರಕ್ಕೂ ಹೆಚ್ಚು ಶಾಲೆ, ಕಾಲೇಜು, ವಿದ್ಯಾರ್ಥಿನಿಲಯಗಳ ಆಡಳಿತ ಈ ಊರಿನಿಂದಲೇ ನಡೆಯುತ್ತದೆ. ತರಳಬಾಳು ಬೃಹನ್ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ 1962ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆಯ ವ್ಯಾಪ್ತಿ ಅಷ್ಟು ದೊಡ್ಡದು. ಮಧ್ಯ ಕರ್ನಾಟಕದ ಬಯಲುಸೀಮೆಯಲ್ಲಿ ಏಳನೇ ತರಗತಿಗೇ ಓದು ಮುಗಿಸಿ ಹೊಲಕ್ಕಿಳಿಯುತ್ತಿದ್ದ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನಡೆದು ಹೋಗುವಷ್ಟು ದೂರದಲ್ಲಿ ಹೈಸ್ಕೂಲು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಒಂದೇ ಮಂಡಳಿಯ ಕೆಳಗೆ ಹಲವು ಶಾಲೆಗಳಿದ್ದರೆ ಅನುಕೂಲ ಬಹಳ. ಒಂದು ಊರಿನಲ್ಲಿ ಗಣಿತದ ಮೇಷ್ಟ್ರು ನಿವೃತ್ತರಾದರೆ, ಅದೇ ಆಡಳಿತದ ಇನ್ನೊಂದು ಅನುದಾನಿತ ಶಾಲೆಯಿಂದ ಒಬ್ಬರನ್ನು ವರ್ಗಾಯಿಸಲು ಅವಕಾಶವಿದೆ. ಒಂಟಿ ಶಾಲೆಯ ಆಡಳಿತಕ್ಕೆ ಆ ದಾರಿ ಇಲ್ಲ. ಖಾಲಿ ಹುದ್ದೆ ತುಂಬಲು ಸರ್ಕಾರದ ಅನುಮತಿಗಾಗಿ ಕಾಯಬೇಕು, ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದಿರುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ತರಳಬಾಳು ಪರಂಪರೆಯ ಇನ್ನೊಂದು ಫಲ. ಅಲ್ಲಿನ ಶಾಖಾಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಆರಂಭಿಸಿದ ಶಿವಸಂಚಾರ ನಾಟಕ ತಿರುಗಾಟ ಹಳ್ಳಿಯ ಮಕ್ಕಳ ಬದುಕಿಗೆ ರಂಗಭೂಮಿಯನ್ನು ತಂದಿತು. ಪಠ್ಯದಾಚೆಯ ಕಲಿಕೆಗೆ ಕೈಹಾಕುವ ಧೈರ್ಯ ಇಲಾಖೆಯ ಸುತ್ತೋಲೆಗಳಿಂದ ಬರುವಂಥದ್ದಲ್ಲ.

ಇಷ್ಟೆಲ್ಲ ಕಟ್ಟಿದ ವ್ಯವಸ್ಥೆಯಲ್ಲಿ ಪೋಷಕರ ಮಾತಿಗೆ ಎಷ್ಟು ತೂಕ?

ಅಮೆರಿಕದ ಹಳ್ಳಿಗಾಡಿನ ಬಹುಪಾಲು ಶಾಲಾ ಜಿಲ್ಲೆಗಳಲ್ಲಿ ಮಂಡಳಿಯನ್ನು ಊರಿನ ಮತದಾರರೇ ಆರಿಸುತ್ತಾರೆ. ಆಯವ್ಯಯದ ಚರ್ಚೆ ಬಹಿರಂಗ ಸಭೆಯಲ್ಲಿ ನಡೆಯುತ್ತದೆ. ನಮ್ಮಲ್ಲೂ ಸರ್ಕಾರಿ ಶಾಲೆಗೆ 2001ರಲ್ಲೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಅದರ ಕೆಲಸ. ಆದರೆ 2012ರ ತಿದ್ದುಪಡಿ ಅನುದಾನಿತ ಶಾಲೆಗಳ ಸಮಿತಿಗೆ ಸಲಹೆ ಕೊಡುವ ಅಧಿಕಾರವನ್ನಷ್ಟೇ ಉಳಿಸಿತು. ಮೇಷ್ಟ್ರ ಸಂಬಳ ಸರ್ಕಾರದ್ದು, ಅಂದರೆ ಜನರ ತೆರಿಗೆಯದು. ಶಾಲೆಯ ಮೇಲಿನ ತೀರ್ಮಾನ ಮಾತ್ರ ಆಡಳಿತ ಮಂಡಳಿಯದು.

ಹಾಗೆಂದು ಎಸ್‌ಡಿಎಂಸಿಯನ್ನು ಆದರ್ಶವೆಂದು ಹೊಗಳುವಂತಿಲ್ಲ. ಅಧ್ಯಕ್ಷರು ಮತ್ತು ಮುಖ್ಯಶಿಕ್ಷಕರ ಜಂಟಿ ಖಾತೆ ಇರುತ್ತದೆ, ಅದರಲ್ಲಿ ಹಣ ಕಡಿಮೆ. ಎಷ್ಟೋ ಕಡೆ ಮುಖ್ಯಶಿಕ್ಷಕರೇ ನಡಾವಳಿ ಬರೆದಿಡುತ್ತಾರೆ. ಕೂಲಿ ಬಿಟ್ಟು ಬಂದ ತಾಯಿ ಅದರ ಕೆಳಗೆ ಸಹಿ ಹಾಕಿ ಹೋಗುತ್ತಾಳೆ. ಮೇಷ್ಟ್ರ ವರ್ಗಾವಣೆಯಲ್ಲಿ ಆಕೆಗೆ ಮಾತಿಲ್ಲ. ಅಲ್ಲಿ ಕುರ್ಚಿಯಿದೆ, ಬಲವಿಲ್ಲ. ಸಿರಿಗೆರೆಯ ಮಾದರಿಯಲ್ಲಿ ಬಲವಿದೆ, ಪೋಷಕರಿಗೆ ಕುರ್ಚಿಯ ಖಾತ್ರಿಯಿಲ್ಲ.

ಕಾನೂನು ಬದಲಾಗುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಪ್ರತಿ ಶಾಲೆಯ ಪೋಷಕರ ಸಮಿತಿಯಿಂದ ಸರದಿಯಂತೆ ಕೆಲವರನ್ನು ಕೇಂದ್ರ ಮಂಡಳಿಗೆ ಕರೆಯಬಹುದು. ಶಾಲೆಯ ಆದಾಯ, ಖರ್ಚು, ಖಾಲಿ ಹುದ್ದೆಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಆಯಾ ಊರಿನ ಸಭೆಯಲ್ಲಿ ಓದಿ ಹೇಳಬಹುದು. ಜಾತಿ-ಮತದ ಭೇದವಿಲ್ಲದೆ ಎಲ್ಲರ ಮಕ್ಕಳೂ ಓದುವ ಶಾಲೆಗಳಿವು. ಆದ್ದರಿಂದ ಆ ಸಭೆಯಲ್ಲಿ ಮಠದ ಭಕ್ತರಷ್ಟೇ ಅಲ್ಲ, ಯಾವ ಕೇರಿಯ ಪೋಷಕರೇ ಆಗಲಿ ಎದ್ದುನಿಂತು ಲೆಕ್ಕ ಕೇಳುವಂತಿರಬೇಕು.