ಜೀವನಕಥನವೂ ವಯಸ್ಕರ ಕಲಿಕೆಯೂ: ಒಂದು ವಿಮರ್ಶೆ

ವಯಸ್ಕರು ಹೇಗೆ ಕಲಿಯುವರೆಂಬ ಪ್ರಶ್ನೆಗೆ ಪರೀಕ್ಷೆಯ ಅಂಕಗಳಿಂದ ಉತ್ತರ ದೊರೆಯದು. ಕಲಿತವರ ಬಾಳನ್ನು ಅವರಿಂದಲೇ ಕೇಳಿ ತಿಳಿಯಬೇಕು. ಜೀವನಕಥನ ಪದ್ಧತಿಯ ಮೂಲತತ್ತ್ವವಿದು. ಥಾಮಸ್ ಮತ್ತು ಝ್ನಾನಿಯೆಟ್ಸ್‌ಕಿ ಎಂಬ ವಿದ್ವಾಂಸರು ಪೋಲೆಂಡಿನ ರೈತರ ವಲಸೆಯನ್ನು ಕುರಿತು 1918–20ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪತ್ರಗಳನ್ನೂ ಒಂದು ಆತ್ಮಕಥೆಯನ್ನೂ ಆಧಾರವಾಗಿ ಬಳಸಿದರು. 1939ರಲ್ಲಿ ಅದನ್ನು ವಿಮರ್ಶಿಸಿದ ಬ್ಲೂಮರ್, ಇಂತಹ ದಾಖಲೆಗಳು ಸಿದ್ಧಾಂತವನ್ನು ಬೆಳಗಬಲ್ಲವು, ಆದರೆ ಅದನ್ನು ನಿರ್ಣಾಯಕವಾಗಿ ಪರೀಕ್ಷಿಸಲಾರವು ಎಂದು ಸಂದೇಹಪಟ್ಟರು. ಆ ಸಂದೇಹ ನಮಗೂ ಸಲ್ಲುತ್ತದೆ.

ನಮ್ಮಲ್ಲಿ ಈ ಬಗೆಯ ವಿಚಾರಕ್ಕೆ ತಕ್ಕ ನಿದರ್ಶನ ಶಿವರಾಮ ಕಾರಂತರದು. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜನ್ನು ತೊರೆದ ಅವರು ಮುಂದೆ ಕಾದಂಬರಿ, ವಿಜ್ಞಾನ, ಚಲನಚಿತ್ರ, ಯಕ್ಷಗಾನಗಳಲ್ಲಿ ಕೃಷಿಮಾಡಿದರು. 1948ರಲ್ಲಿ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂಬ ಆತ್ಮಕಥೆಯನ್ನು ಹೊರತಂದರು. ಇಂತಹ ಬಾಳನ್ನು ಕಂಡವರು “ತಾನಾಗಿ ಕಲಿತವರು” ಎಂದು ತೀರ್ಪಿತ್ತು ಮುಗಿಸುವುದುಂಟು. ಆದರೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಯಕ್ಷಗಾನ ಬಯಲಾಟ’ದ ಹಿಂದೆ ಭಾಗವತರ, ವೇಷಧಾರಿಗಳ ಪರಂಪರೆಯ ಅರಿವಿತ್ತೆಂಬುದನ್ನು ಮರೆಯುವಂತಿಲ್ಲ. “ತಾನಾಗಿ” ಎಂಬ ಒಂದು ಮಾತು ಅಷ್ಟು ಜನ ಗುರುಗಳನ್ನು ಮರೆಮಾಡುತ್ತದೆ. ಕಾರಂತರೇ ಅನಂತರದಲ್ಲಿ ‘ಸ್ಮೃತಿಪಟಲದಿಂದ’ ಎಂಬ ಸಂಪುಟಗಳಲ್ಲಿ ಮತ್ತೆ ನೆನಪನ್ನು ಬಗೆದುದು, ಒಂದು ಬಾಳು ಒಮ್ಮೆ ಹೇಳಿದರೆ ಮುಗಿಯದೆಂಬುದಕ್ಕೆ ಸಾಕ್ಷಿ.

ಕಾರಂತರ ಕೈಯಲ್ಲಿ ಲೇಖನಿಯಿತ್ತು. ಏನನ್ನು ಹೇಳಬೇಕು, ಏನನ್ನು ಬಿಡಬೇಕು ಎಂಬುದು ಅವರದೇ ಆಯ್ಕೆ. ಆ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲ. 2007ರವರೆಗೆ ಪ್ರತ್ಯೇಕ ನಗರಸಭೆಯಾಗಿದ್ದ ಮಹದೇವಪುರವನ್ನೇ ನೋಡಿ. ಅಲ್ಲಿಯ ಕಾರ್ಖಾನೆಯಲ್ಲಿ ಹಳ್ಳಿಯಿಂದ ಬಂದು ಯಂತ್ರ ನಡೆಸಲು ಕಲಿತ ಕಾರ್ಮಿಕನ ಕಥೆ ನಮ್ಮ ಪ್ರಶ್ನೆಗೆ ಉತ್ತರವಾಗಿ ಹುಟ್ಟುತ್ತದೆ. ನಮ್ಮ ಲೇಖನಿಯಿಂದ ಕಾಗದಕ್ಕಿಳಿಯುತ್ತದೆ. ಕಾರ್ಖಾನೆಯ ಬಾಗಿಲಲ್ಲಿ ಕೇಳಿದರೆ ಅವನು ಸಂಬಳದ ಮಾತನ್ನು ಮುಂದಿಡಬಹುದು. ಮನೆಯ ಜಗಲಿಯಲ್ಲಿ ಕೇಳಿದರೆ ಕೆಲಸ ಕಲಿಸಿದ ಹಿರಿಯ ಜೊತೆಗಾರನನ್ನು ನೆನೆಯಬಹುದು. ಎರಡೂ ನಿಜ, ಆದರೆ ಕಲಿಕೆಯ ಸಿದ್ಧಾಂತಕ್ಕೆ ಇವೆರಡರಿಂದ ಬೇರೆ ಬೇರೆ ಅರ್ಥ ಹೊರಡುತ್ತದೆ.

ಈ ಪದ್ಧತಿಯನ್ನು ತ್ಯಜಿಸಬೇಕೆಂದು ನಮ್ಮ ಅಭಿಪ್ರಾಯವಲ್ಲ. ಒಬ್ಬರ ಕಥೆಯನ್ನು ಕಾಲಾಂತರದಲ್ಲಿ ಮತ್ತೊಮ್ಮೆ ಕೇಳಬೇಕು. ಬರೆದುದನ್ನು ಅವರಿಗೇ ಓದಿಹೇಳಿ ತಿದ್ದುಪಡಿಗೆ ಅವಕಾಶವೀಯಬೇಕು. ಕಲಿಸಿದವರ ಮಾತನ್ನೂ, ಕಲಿಯಲಾಗದೆ ಬಿಟ್ಟುದನ್ನೂ ಕೇಳಬೇಕು. ಗೆದ್ದವರ ಕಥೆಗಳನ್ನೇ ಕೂಡಿಟ್ಟರೆ ಸೋತುದರ ಹೊಣೆ ಕಲಿಯುವವರ ತಲೆಗೇ ಬೀಳುತ್ತದೆ. ಕಲಿಸಬೇಕಾಗಿದ್ದ ಸಮಾಜವು ನಿರಪರಾಧಿಯಾಗಿ ಉಳಿಯುತ್ತದೆ. ಸಂಶೋಧಕನು ಅರಿತೋ ಅರಿಯದೆಯೋ ಈ ಅನ್ಯಾಯಕ್ಕೆ ಕೈಜೋಡಿಸಬಾರದು.