ಮಲ್ಲನೂ ನಟನೂ: ದಾರಾಸಿಂಗರ ಅಭಿನಯ ವಿಚಾರ

ಮಲ್ಲವಿದ್ಯೆಯಿಂದ ಪ್ರಸಿದ್ಧಿಗೆ ಬಂದು ಆಮೇಲೆ ಚಲಚ್ಚಿತ್ರಗಳಲ್ಲಿ ನಟಿಸಿದವರ ವಿಷಯದಲ್ಲಿ ವಿಮರ್ಶಕರು ಸಾಮಾನ್ಯವಾಗಿ ಒಂದೇ ಮಾತನ್ನು ಹೇಳುವುದುಂಟು: ಅವರಲ್ಲಿ ಮೈಕಟ್ಟಿತ್ತು, ಅಭಿನಯವಿರಲಿಲ್ಲ ಎಂದು. ನಮ್ಮ ದೇಶದಲ್ಲಿ ಈ ತೀರ್ಪಿಗೆ ಮುಖ್ಯವಾಗಿ ಗುರಿಯಾದವರು ಪಂಜಾಬಿನ ದಾರಾಸಿಂಗರು. ಕುಸ್ತಿಯ ಕಣದಲ್ಲಿ ಅವರು ಅದ್ವಿತೀಯರೆಂದೂ, ಚಿತ್ರಗಳಲ್ಲಿ ಕೇವಲ ದೇಹಪ್ರದರ್ಶಕರೆಂದೂ, ದೂರದರ್ಶನದ ರಾಮಾಯಣದಲ್ಲಿ ಅವರು ಧರಿಸಿದ ಹನುಮಂತನ ಪಾತ್ರವು ಮಾತ್ರ ದೈವವಶದಿಂದ ಒದಗಿದ ಅಪವಾದವೆಂದೂ ಎಣಿಸುವುದು ರೂಢಿಯಾಗಿದೆ. ಈ ಮೂರು ಅಭಿಪ್ರಾಯಗಳೂ ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆಬೇರೆಯಾಗಿ ನಿಂತಿವೆ. ಇವನ್ನು ಒಟ್ಟಿಗೆ ಇಟ್ಟು ಪರೀಕ್ಷಿಸಿದರೆ ಬೇರೊಂದು ನಿರ್ಣಯಕ್ಕೆ ಬರಬೇಕಾಗುವುದೆಂಬುದೇ ಪ್ರಕೃತ ಲೇಖನದ ಪ್ರತಿಪಾದ್ಯವು.

ಮೊದಲು ಜೀವನವೃತ್ತವನ್ನು ಸಂಕ್ಷೇಪವಾಗಿ ನೋಡೋಣ. ದಾರಾಸಿಂಗರು ಅಮೃತಸರ ಜಿಲ್ಲೆಯ ಧರ್ಮೂಚಕ್ ಎಂಬ ಗ್ರಾಮದ ರೈತ ಕುಟುಂಬದಲ್ಲಿ 1928ನೆಯ ನವೆಂಬರ್ 19ರಂದು ಜನಿಸಿದರು. 1947ರಲ್ಲಿ ಸಿಂಗಪುರಕ್ಕೆ ಹೋಗಿ, ಅಲ್ಲಿಯ ಗ್ರೇಟ್ ವರ್ಲ್ಡ್ ಎಂಬ ವಿನೋದೋದ್ಯಾನದ ಕುಸ್ತಿರಂಗದಲ್ಲಿ ಪಳಗಿ ವೃತ್ತಿಮಲ್ಲರಾದರು. ಸ್ವದೇಶಕ್ಕೆ ಮರಳಿದ ಬಳಿಕ 1954ರಲ್ಲಿ ರುಸ್ತುಂ-ಎ-ಹಿಂದ್ ಎಂಬ ಬಿರುದನ್ನೂ, 1959ರಲ್ಲಿ ಕಲ್ಕತ್ತೆಯಲ್ಲಿ ಕೆನಡಾದ ಜಾರ್ಜ್ ಗೋರ್ಡಿಯೆಂಕೊವನ್ನು ಗೆದ್ದು ಕಾಮನ್‌ವೆಲ್ತ್ ಪ್ರಶಸ್ತಿಯನ್ನೂ ಪಡೆದರು. 1968ನೆಯ ಮೇ 29ರಂದು ಮುಂಬಯಿಯಲ್ಲಿ ಅಮೆರಿಕದ ಲೂ ಥೆಜ್‌ನ ಮೇಲೆ ಜಯ ಹೊಂದಿದರು. 1952ರ 'ಸಂಗ್‌ದಿಲ್' ಚಿತ್ರದಲ್ಲಿ ಸಣ್ಣ ಪಾತ್ರವೊಂದನ್ನು ವಹಿಸಿದ್ದ ಅವರು 1962ರ 'ಕಿಂಗ್ ಕಾಂಗ್' ಚಿತ್ರದಿಂದ ನಾಯಕರಾದರು. ಕಣದಿಂದ ನಿವೃತ್ತರಾದದ್ದು 1983ರಲ್ಲಿ. 2003ರಿಂದ 2009ರವರೆಗೆ ರಾಜ್ಯಸಭೆಯ ನಾಮಕರಣ ಹೊಂದಿದ ಸದಸ್ಯರಾಗಿದ್ದು, 2012ನೆಯ ಜುಲೈ 12ರಂದು ಮುಂಬಯಿಯಲ್ಲಿ ಕಾಲವಾದರು.

ಈ ಕಾಲಗಣನೆಯಿಂದಲೇ ಒಂದು ಸಂಗತಿ ಸ್ಪಷ್ಟವಾಗುವುದು. 1962ರಿಂದ 1983ರವರೆಗೆ, ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ, ಕುಸ್ತಿಯೂ ನಟನೆಯೂ ಜೊತೆಜೊತೆಯಾಗಿ ನಡೆದುವು. ಮಲ್ಲವೃತ್ತಿಯನ್ನು ತ್ಯಜಿಸಿ ನಟವೃತ್ತಿಯನ್ನು ಹಿಡಿದರೆಂಬ ಮಾತು ಅವರಿಗೆ ಸಲ್ಲದು. ಹಾಗಾದರೆ ಈ ಎರಡು ವೃತ್ತಿಗಳಿಗೂ ಸಮಾನವಾದ ಅಂಶವೇನು?

ವೃತ್ತಿಮಲ್ಲರ ಕುಸ್ತಿಯು ನಮ್ಮ ಗರಡಿಯ ಕುಸ್ತಿಯಲ್ಲ. ಗರಡಿಯ ಕೆಮ್ಮಣ್ಣಿನಲ್ಲಿ ಎದುರಾಳಿಯನ್ನು ಬೆನ್ನಡಿಯಾಗಿ ಕೆಡಹಿದರೆ ಪಂದ್ಯವು ಮುಗಿಯಿತು; ನೋಡುವವರಿದ್ದರೂ ಇಲ್ಲದಿದ್ದರೂ ಅದು ಪಂದ್ಯವೇ. ಹಗ್ಗ ಕಟ್ಟಿದ ವೇದಿಕೆಯ ವೃತ್ತಿಕುಸ್ತಿಯಾದರೋ ಪ್ರೇಕ್ಷಕರಿಗಾಗಿಯೇ ಹುಟ್ಟಿದುದು. ಅದರಲ್ಲಿ ಜಯಾಪಜಯಗಳನ್ನು ಬಹುಮಟ್ಟಿಗೆ ಮೊದಲೇ ಗೊತ್ತುಮಾಡಿಕೊಳ್ಳುವುದು ಈಗ ಗುಟ್ಟಾಗಿ ಉಳಿದಿಲ್ಲ. ಫ್ರಾನ್ಸಿನ ರೋಲಾಂ ಬಾರ್ತ್ ಎಂಬ ವಿಮರ್ಶಕನು 1957ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ಕ್ರೀಡೆಯೆಂದು ಭಾವಿಸದೆ ದೃಶ್ಯಪ್ರಯೋಗವೆಂದೇ ತಿಳಿಯಬೇಕೆಂದು ವಾದಿಸಿರುವನು. ಅಲ್ಲಿ ದುಷ್ಟನನ್ನು ಅವನ ದೇಹಾಕೃತಿಯಿಂದಲೇ ಗುರುತಿಸಬಹುದು. ನೋವು, ಸೋಲು, ನ್ಯಾಯದ ಗೆಲುವು ಇವೆಲ್ಲವೂ ದೂರದ ಪೀಠದಲ್ಲಿ ಕುಳಿತವನಿಗೂ ತಿಳಿಯುವಂತೆ ದೊಡ್ಡದಾಗಿ ಪ್ರಕಟವಾಗಬೇಕು.

ಈ ವಿಚಾರವು ನಮ್ಮವರಿಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ರಂಗದ ಮೇಲೆ ಶಸ್ತ್ರಪ್ರಯೋಗ ಮಾಡುವ ಕ್ರಮಗಳಿಗೆ 'ನ್ಯಾಯ'ಗಳೆಂದು ಹೆಸರು. ಅಲ್ಲಿ ಯಾರನ್ನೂ ನಿಜವಾಗಿ ಇರಿಯಕೂಡದು, ಹೊಡೆಯಕೂಡದು. ಪ್ರಹಾರವನ್ನು ಅಂಗಚೇಷ್ಟೆಯಿಂದ ಸೂಚಿಸಬೇಕೆಂದು ಶಾಸ್ತ್ರಕಾರನ ವಿಧಿಯಿದೆ. ಘಾತವಿಲ್ಲದೆ ಘಾತವನ್ನು ತೋರಿಸುವುದು, ಎದುರಾಳಿಯನ್ನು ಕಾಪಾಡುತ್ತಲೇ ಅವನನ್ನು ಮರ್ದಿಸುವಂತೆ ಕಾಣುವುದು: ವೃತ್ತಿಮಲ್ಲನ ವಿದ್ಯೆಯ ಸಾರವೂ ಇದೇ. ಇದು ಆಂಗಿಕಾಭಿನಯದ ಕಠಿನವಾದ ಒಂದು ಪ್ರಕಾರವೆಂದರೆ ತಪ್ಪಾಗಲಾರದು.

ಹೀಗೆ ಹೇಳುವುದರಿಂದ ದಾರಾಸಿಂಗರ ಕೀರ್ತಿಗೆ ಕುಂದು ಬರುವುದೆಂದು ಕೆಲವರು ಭಾವಿಸಬಹುದು. ಅವರು ಐನೂರು ಪಂದ್ಯಗಳಲ್ಲಿ ಒಮ್ಮೆಯೂ ಸೋಲಲಿಲ್ಲವೆಂಬ ಮಾತು ಬಹಳ ಪ್ರಚಾರದಲ್ಲಿದೆ. ಆದರೆ ಫಲವು ಮೊದಲೇ ನಿಶ್ಚಿತವಾಗುವ ವೃತ್ತಿಯಲ್ಲಿ ಇಂತಹ ಸಂಖ್ಯೆಯು ಬಲಕ್ಕೆ ಪ್ರಮಾಣವಾಗಲಾರದು. ಅದು ಬೇರೊಂದಕ್ಕೆ ಪ್ರಮಾಣವು: ಊರೂರಿನ ಪ್ರೇಕ್ಷಕರು ವರ್ಷಗಟ್ಟಲೆ ಈ ಮನುಷ್ಯನ ಗೆಲುವನ್ನೇ ನೋಡಲು ಹಣ ಕೊಟ್ಟು ಬಂದರು ಎಂಬುದಕ್ಕೆ. ಕಿಂಗ್ ಕಾಂಗ್ ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದ ಎಮಿಲ್ ಜಾಯಾ ಎಂಬ ಮಹಾಕಾಯನೊಡನೆ ಅವರು ನಡೆಸಿದ ಕುಸ್ತಿಗಳನ್ನು ಜನರು ಸೌಮ್ಯನಾದ ವೀರನಿಗೂ ದೈತ್ಯನಿಗೂ ನಡೆದ ಯುದ್ಧವೆಂದೇ ಕಂಡರು. ಧೀರೋದಾತ್ತನ ಪಾತ್ರವು ಚಿತ್ರರಂಗಕ್ಕೆ ಬರುವ ಮೊದಲೇ ಅವರಿಗೆ ಸಿದ್ಧವಾಗಿತ್ತು.

ಚಿತ್ರರಂಗವು ಈ ಸಿದ್ಧಪಾತ್ರವನ್ನು ಹೇಗೆ ಬಳಸಿತು? 1963ರ 'ಫೌಲಾದ್', 1964ರ 'ಸ್ಯಾಮ್ಸನ್', 'ಹರ್ಕ್ಯುಲೀಸ್', 'ವೀರ ಭೀಮಸೇನ' ಮುಂತಾದ ಹೆಸರುಗಳೇ ಉತ್ತರ ಕೊಡುತ್ತವೆ. ಅಲ್ಪ ವೆಚ್ಚದಲ್ಲಿ ಬೇಗಬೇಗನೆ ತಯಾರಾಗುತ್ತಿದ್ದ ಈ ಸಾಹಸಚಿತ್ರಗಳನ್ನು ಪ್ರತಿಷ್ಠಿತರು ಎರಡನೆಯ ದರ್ಜೆಯವೆಂದು ಕಡೆಗಣಿಸಿದರು. ಅವರ ಜೊತೆಯಲ್ಲಿ ಹತ್ತಕ್ಕೂ ಮಿಕ್ಕ ಚಿತ್ರಗಳಲ್ಲಿ ನಾಯಿಕೆಯಾಗಿದ್ದ ಮುಮ್ತಾಜರಿಗೂ ಸಾಹಸಚಿತ್ರಗಳ ನಟಿಯೆಂಬ ಹೆಸರಂಟಿ, ಅದನ್ನು ಕಳೆದುಕೊಳ್ಳಲು ಕೆಲವು ವರ್ಷಗಳೇ ಹಿಡಿದುವು. ಈ ಚಿತ್ರಗಳಲ್ಲಿ ಕಥೆಯು ಮಲ್ಲಯುದ್ಧಗಳನ್ನು ಪೋಣಿಸುವ ದಾರಮಾತ್ರವಾಗಿದೆ. ಕಾದಾಟ ನಡೆಯುವಷ್ಟು ಹೊತ್ತು ನಾಯಕನು ಜೀವಂತನು. ಅದು ಮುಗಿದು ಪ್ರಣಯಸಲ್ಲಾಪವೋ ರಾಜಸಭೆಯ ಸಂಭಾಷಣೆಯೋ ಮೊದಲಾದೊಡನೆ ಆ ಜೀವಕಳೆ ಕುಂದುವುದು.

ಇದರ ಕಾರಣವು 1965ರ 'ಸಿಕಂದರ್-ಎ-ಆಜಮ್' ಚಿತ್ರದಲ್ಲಿ ನಿಚ್ಚಳವಾಗಿ ಕಾಣುತ್ತದೆ. ಅಲ್ಲಿ ದಾರಾಸಿಂಗರು ಅಲೆಗ್ಸಾಂಡರನಾಗಿಯೂ ಪೃಥ್ವೀರಾಜ ಕಪೂರರು ಪುರೂರಾಜನಾಗಿಯೂ ಕಾಣಿಸಿಕೊಂಡರು. 1941ರ 'ಸಿಕಂದರ್' ಚಿತ್ರದಲ್ಲಿ ಅಲೆಗ್ಸಾಂಡರನಾಗಿದ್ದವರು ಇದೇ ಪೃಥ್ವೀರಾಜರು. ನಾಟಕರಂಗದಲ್ಲಿ ನುರಿತ ಆ ಕಂಠವು ಒಂದು ವಾಕ್ಯವನ್ನು ಏರಿಸಿ, ತಡೆದು, ಇಳಿಸುವ ಪರಿಯ ಎದುರಿಗೆ ದಾರಾಸಿಂಗರ ಮಾತು ಏಕಸ್ವರದಿಂದ ಸಾಗುವುದು. ಪಂಜಾಬಿ ಉಚ್ಚಾರಣೆಯು ಅವರ ಹಿಂದಿಯನ್ನು ಕಡೆಯವರೆಗೂ ಬಿಡಲಿಲ್ಲ. ವಾಚಿಕಾಭಿನಯದಲ್ಲಿ ಅವರು ದುರ್ಬಲರೆಂಬುದನ್ನು ನಿಸ್ಸಂಕೋಚವಾಗಿ ಒಪ್ಪಬೇಕು. ಆದರೆ ಅಭಿನಯವು ನಾಲ್ಕು ವಿಧವೆಂದು ಹೇಳಿದ ಪರಂಪರೆಯಲ್ಲಿ ನಿಂತು, ವಾಚಿಕವೊಂದನ್ನೇ ಅಭಿನಯವೆಂದೆಣಿಸಿ ಉಳಿದ ಮೂರನ್ನು ಲೆಕ್ಕಕ್ಕೆ ತಾರದಿರುವುದು ನ್ಯಾಯವಲ್ಲ.

ಇನ್ನು ಹನುಮಂತನ ಪಾತ್ರ. 1976ರ 'ಬಜರಂಗಬಲಿ' ಚಿತ್ರದಲ್ಲಿ ಇದನ್ನು ವಹಿಸಿದ್ದ ಅವರನ್ನೇ ರಾಮಾನಂದ ಸಾಗರರು ತಮ್ಮ ರಾಮಾಯಣಕ್ಕೂ ಆರಿಸಿಕೊಂಡರು. ಅದು 1987ನೆಯ ಜನವರಿಯಿಂದ 1988ನೆಯ ಜುಲೈವರೆಗೆ ಭಾನುವಾರದ ಬೆಳಗಿನಲ್ಲಿ ಪ್ರಸಾರವಾಯಿತು. ಆಗ ದಾರಾಸಿಂಗರಿಗೆ ಅರುವತ್ತು ಸಮೀಪಿಸಿತ್ತು. ಬಲಪ್ರದರ್ಶನದ ವಯಸ್ಸು ಕಳೆದಿತ್ತು. ವಾನರಮುಖದ ಆಹಾರ್ಯವು ಬಾಯಿಯ ಸುತ್ತಲಿನ ಭಾವವನ್ನೆಲ್ಲ ಮುಚ್ಚಿತ್ತು. ಉಳಿದುವು ಕಣ್ಣು, ಕೊರಳು, ಹೆಗಲು, ಮಂಡಿ. ಈ ಸಾಧನಗಳಿಂದಲೇ ಅವರು ಪಾತ್ರವನ್ನು ಕಟ್ಟಿದರು.

ಆ ಪಾತ್ರದ ಮರ್ಮವು ಬಲವಲ್ಲ, ಬಲದ ನಿಗ್ರಹವು. ಜಾಂಬವಂತನು ನೆನಪಿಸುವವರೆಗೆ ಹನುಮಂತನಿಗೆ ತನ್ನ ಸಾಮರ್ಥ್ಯವೇ ತಿಳಿಯದು. ಲಂಕೆಯಲ್ಲಿ ಬ್ರಹ್ಮಾಸ್ತ್ರಕ್ಕೆ ಗೌರವವಿತ್ತು ತಾನಾಗಿಯೇ ಕಟ್ಟುಬೀಳುವನು. ರಾಮನ ಮುಂದೆ ಸದಾ ಕೈಮುಗಿದು ಬಾಗಿರುವನು. ದುರ್ಬಲನು ಬಾಗಿದರೆ ಅದರಲ್ಲಿ ವಿಶೇಷವಿಲ್ಲ. ಕೆಡಹಬಲ್ಲವನು ಬಾಗಿದಾಗಲೇ ದಾಸ್ಯವು ರಸವಾಗುವುದು. ತನ್ನ ಪೂರ್ಣಬಲವನ್ನು ಎದುರಾಳಿಯ ಮೇಲೆ ಬಿಡದೆ ಹಿಡಿದಿಟ್ಟುಕೊಳ್ಳುವುದನ್ನೇ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿದ್ದ ದೇಹಕ್ಕೆ ಈ ನಿಗ್ರಹವು ಸಹಜವಾಗಿತ್ತು.

ಜನರ ಭಕ್ತಿಯೇ ಈ ಪಾತ್ರವನ್ನು ಗೆಲ್ಲಿಸಿತು, ಇದರಲ್ಲಿ ನಟನ ಕೌಶಲವೇನು ಎಂದು ಪೂರ್ವಪಕ್ಷಿಗಳು ಆಕ್ಷೇಪಿಸಬಹುದು. ಅದಕ್ಕೆ ಸಮಾಧಾನವಿದು: ಭಕ್ತಿಯು ಹನುಮಂತನ ವೇಷ ತೊಟ್ಟವರೆಲ್ಲರಿಗೂ ಸಮಾನವಾಗಿ ಲಭಿಸಬೇಕಾಗಿತ್ತು. ವೇಷ ತೊಟ್ಟವರು ಅನೇಕರು. ಜನಮನದಲ್ಲಿ ಹನುಮಂತನ ರೂಪವಾಗಿ ನಿಂತವರು ಇವರು. 2020ರಲ್ಲಿ ಆ ರಾಮಾಯಣವನ್ನು ಪುನಃ ಪ್ರಸಾರಮಾಡಿದಾಗ, 1988ರ ತರುವಾಯ ಹುಟ್ಟಿದವರೂ ಅದನ್ನು ಆಸಕ್ತಿಯಿಂದ ನೋಡಿದರು.

ಅವರ ದೌರ್ಬಲ್ಯವೂ ಕೊನೆಗೆ ಗುಣವಾಗಿ ತಿರುಗಿದುದನ್ನು ಹೇಳದಿರಲಾಗದು. 2007ರ 'ಜಬ್ ವಿ ಮೆಟ್' ಚಿತ್ರದಲ್ಲಿ ಅವರು ಪಂಜಾಬಿನ ತುಂಬಿದ ಮನೆಯೊಂದರ ಅಜ್ಜನಾಗಿರುವರು. ಅಲೆಗ್ಸಾಂಡರನ ಬಾಯಲ್ಲಿ ಒರಟಾಗಿ ಕೇಳಿಸಿದ ನುಡಿಯೇ ಆ ಮನೆಯ ಹಿರಿಯನ ಬಾಯಲ್ಲಿ ನೆಲದ ನುಡಿಯಾಗಿ ಒಪ್ಪುವುದು.

ಒಟ್ಟಿನಲ್ಲಿ ದಾರಾಸಿಂಗರನ್ನು ಮಹಾನಟರ ಸಾಲಿನಲ್ಲಿ ಕೂರಿಸಬೇಕೆಂಬುದು ನಮ್ಮ ವಾದವಲ್ಲ. ಅವರ ಬಹುಪಾಲು ಚಿತ್ರಗಳು ಕಾಲದ ಪರೀಕ್ಷೆಯಲ್ಲಿ ನಿಲ್ಲಲಾರವು. ಆದರೆ ಅವರ ಹನುಮಂತನು ಅಪವಾದವಲ್ಲ, ಆಕಸ್ಮಿಕವೂ ಅಲ್ಲ. ಸಿಂಗಪುರದ ವಿನೋದೋದ್ಯಾನದಲ್ಲಿ ಮೊದಲಾದ ಒಂದು ದೀರ್ಘ ಅಂಗಸಾಧನೆಯ ಪರಿಣತಫಲವು. ಮಾತಿನ ಅಭಿನಯವನ್ನು ಅಳೆಯುವುದರಲ್ಲಿ ನಮ್ಮ ವಿಮರ್ಶೆಯು ಸಾಕಷ್ಟು ಪಳಗಿದೆ. ದೇಹದ ಅಭಿನಯಕ್ಕೂ ಅಂತಹುದೇ ಒಂದು ಅಳತೆಗೋಲನ್ನು ನಮ್ಮ ಪ್ರಾಚೀನ ಶಾಸ್ತ್ರದ ನೆರವಿನಿಂದ ಸಿದ್ಧಪಡಿಸಿಕೊಂಡಲ್ಲದೆ ಇಂತಹ ಕಲಾವಿದರಿಗೆ ನ್ಯಾಯ ದೊರಕುವಂತಿಲ್ಲ. ವಿದ್ವಾಂಸರು ಈ ಕಡೆಗೆ ಗಮನ ಕೊಡುವುದು ಯುಕ್ತವು.