ನಿರಾಕರಣೆಯೂ ಅರಿಕೆಯೂ: ಮಾರ್ಮನ್ ಸಭೆಯ ‘ಜನಾಂಗ ಮತ್ತು ಯಾಜಕತ್ವ’ ಪ್ರಬಂಧವನ್ನು ಕುರಿತು

ದೇವರ ಹೆಸರಿನಲ್ಲಿ ತಾನು ಹಿಂದೆ ಬೋಧಿಸಿದ್ದು ಸತ್ಯವಲ್ಲವೆಂದು ಮನಗಂಡ ಸಭೆಯು ಅದನ್ನು ಯಾವ ಮಾತುಗಳಲ್ಲಿ ಹೇಳಬೇಕು? ಮಾರ್ಮನ್ ಸಭೆಯೆಂದು ಜನರು ಕರೆಯುವ ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆಯು 2013ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಜನಾಂಗ ಮತ್ತು ಯಾಜಕತ್ವ’ ಎಂಬ ಪ್ರಬಂಧವು ಈ ಪ್ರಶ್ನೆಯನ್ನು ತೀವ್ರವಾಗಿ ಎತ್ತುತ್ತದೆ. ಬೆಂಗಳೂರಿನಲ್ಲಿ ತನ್ನ ದೇವಾಲಯವೊಂದನ್ನು ಕಟ್ಟುವುದಾಗಿ ಆ ಸಭೆಯು 2018ರಲ್ಲಿ ಘೋಷಿಸಿದೆ. ಆದುದರಿಂದ ಅದರ ಬೋಧನೆಯ ಚರಿತ್ರೆಯು ನಮಗೆ ಇನ್ನು ದೂರದೇಶದ ಸುದ್ದಿಯಲ್ಲ.

ಮಾರ್ಮನರಲ್ಲಿ ಯಾಜಕತ್ವವು ಕೆಲವರಿಗೆ ಮಾತ್ರ ಮೀಸಲಾದ ಪದವಿಯಲ್ಲ. ಯೋಗ್ಯರೆಂದು ಕಂಡುಬಂದ ಪುರುಷರೆಲ್ಲರಿಗೂ, ಹುಡುಗರಿಗೂ ಅದನ್ನು ಕೊಡಲಾಗುತ್ತದೆ. ಅತ್ಯುನ್ನತ ರಕ್ಷಣೆಗೆ ಬೇಕಾದ ಸಂಸ್ಕಾರಗಳು ದೇವಾಲಯದಲ್ಲಿ ನಡೆಯುತ್ತವೆ. ಸ್ಥಾಪಕನಾದ ಜೋಸೆಫ್ ಸ್ಮಿತ್‌ನ ಕಾಲದಲ್ಲಿ, 1836ರಲ್ಲಿ, ಎಲೈಜಾ ಏಬಲ್ ಎಂಬ ಕಪ್ಪುವರ್ಣೀಯನು ಈ ಯಾಜಕತ್ವಕ್ಕೆ ಅಭಿಷಿಕ್ತನಾಗಿದ್ದನು. ಆದರೆ 1852ರಲ್ಲಿ ಎರಡನೆಯ ಅಧ್ಯಕ್ಷನಾದ ಬ್ರಿಗಮ್ ಯಂಗ್ ಆಫ್ರಿಕಾ ಮೂಲದವರಿಗೆ ಯಾಜಕತ್ವವಿಲ್ಲವೆಂದು ಯೂಟಾದ ಶಾಸನಸಭೆಯ ಮುಂದೆ ಘೋಷಿಸಿದನು. ಕಾಲಕ್ರಮದಲ್ಲಿ ದೇವಾಲಯದ ಬಾಗಿಲೂ ಅವರಿಗೆ, ಸ್ತ್ರೀಪುರುಷರೆನ್ನದೆ, ಮುಚ್ಚಿಹೋಯಿತು. ಕಾಯಿನನ ಗುರುತು, ಹಾಮನ ವಂಶದ ಶಾಪ, ಜನನಕ್ಕೆ ಮುಂಚಿನ ಆತ್ಮಲೋಕದಲ್ಲಿ ತೋರಿದ ನಿಷ್ಠೆಯ ಕೊರತೆ ಎಂಬಿವು ಇದಕ್ಕೆ ಕೊಡಲ್ಪಟ್ಟ ಕಾರಣಗಳು. 1978ರ ಜೂನಿನಲ್ಲಿ ಅಧ್ಯಕ್ಷ ಸ್ಪೆನ್ಸರ್ ಕಿಂಬಲ್ ತನಗೂ ತನ್ನ ಜೊತೆಗಾರರಿಗೂ ಪ್ರಕಟನೆ ದೊರೆಯಿತೆಂದು ತಿಳಿಸಿದಾಗ ಈ ನಿಷೇಧವು ಅಂತ್ಯಗೊಂಡಿತು.

2013ರ ಪ್ರಬಂಧದ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಅದು 1852ರ ಘೋಷಣೆಯನ್ನು ಮರೆಮಾಚುವುದಿಲ್ಲ. ಆ ಕಾಲದ ಅಮೆರಿಕದಲ್ಲಿದ್ದ ವರ್ಣದ್ವೇಷವನ್ನು ವಿವರಿಸುತ್ತದೆ. ಸ್ಮಿತ್‌ನ ಕಾಲದಲ್ಲಿ ಕಪ್ಪುವರ್ಣೀಯರಿಗೆ ಅಭಿಷೇಕವಾಗಿತ್ತೆಂಬುದನ್ನು ಹೇಳುತ್ತದೆ. ಕಪ್ಪು ಚರ್ಮವು ಶಾಪದ ಗುರುತೆಂಬ ವಾದವನ್ನೂ, ಜನನಪೂರ್ವದ ನಡತೆಯ ಫಲವೆಂಬ ವಾದವನ್ನೂ ಸಭೆಯು ಇಂದು ನಿರಾಕರಿಸುತ್ತದೆಂದು ಸ್ಪಷ್ಟವಾಗಿ ನುಡಿಯುತ್ತದೆ. ಹಿಂದಿನ ವರ್ಣದ್ವೇಷವನ್ನೂ ಇಂದಿನದನ್ನೂ ಖಂಡಿಸುತ್ತದೆ. ಇಷ್ಟನ್ನು ಹೇಳಲು ಬಹಳ ಸಭೆಗಳಿಗೆ ಧೈರ್ಯವಿರುವುದಿಲ್ಲ.

ಆದರೂ ಅದರ ವಾಕ್ಯಗಳಲ್ಲಿ ಒಂದು ಬಿರುಕಿದೆ. ನಿರಾಕರಣೆಗೆ ಒಳಗಾದದ್ದು ನಿಷೇಧಕ್ಕೆ ಕೊಟ್ಟ ಕಾರಣಗಳೇ ಹೊರತು ನಿಷೇಧವಲ್ಲ. ಆ ಕಾರಣಗಳನ್ನು ಪ್ರಬಂಧವು ಸಿದ್ಧಾಂತವೆಂದು ಕರೆಯದೆ, ಗತಕಾಲದಲ್ಲಿ ಮುಂದಿಡಲ್ಪಟ್ಟ ವಾದಗಳೆಂದು ಕರೆಯುತ್ತದೆ. ಆದರೆ 1949ರಲ್ಲಿ ಆ ಸಭೆಯ ಅತ್ಯುನ್ನತ ಅಧಿಕಾರಪೀಠವಾದ ಪ್ರಥಮ ಅಧ್ಯಕ್ಷಮಂಡಲಿಯೇ ಹೊರಡಿಸಿದ ಹೇಳಿಕೆಯು, ನಿಷೇಧವು ಕೇವಲ ಆಡಳಿತದ ನೀತಿಯಲ್ಲ, ಕರ್ತನ ನೇರ ಆಜ್ಞೆ ಎಂದು ಸಾರಿತ್ತು. ಜನನಪೂರ್ವದ ನಡತೆಯ ವಾದವನ್ನೂ ಅದೇ ಹೇಳಿಕೆಯಲ್ಲಿ ಸಮರ್ಥನೆಯಾಗಿ ಇಟ್ಟಿತ್ತು. ಅಂದು ಅಧ್ಯಕ್ಷಮಂಡಲಿಯ ಬಾಯಲ್ಲಿ ಸಿದ್ಧಾಂತದ ಆಧಾರವಾಗಿದ್ದದ್ದು ಇಂದು ಯಾರದೋ ವಾದವಾಗಿದೆ. ಸ್ಥಾನ ಬದಲಾದದ್ದು ಯಾವಾಗ, ಯಾರಿಂದ ಎಂಬುದಕ್ಕೆ ಪ್ರಬಂಧದಲ್ಲಿ ನೇರವಾದ ಉತ್ತರವಿಲ್ಲ.

ಈ ರೀತಿಯ ಸ್ಥಾನಪಲ್ಲಟ ಇದೊಂದೇ ಅಲ್ಲ. ಆದಾಮನೇ ನಮ್ಮ ತಂದೆಯೂ ದೇವರೂ ಎಂದು ಯಂಗ್ 1852ರಲ್ಲಿ ಬೋಧಿಸಿದ್ದನು. 1976ರಲ್ಲಿ ಕಿಂಬಲ್ ಅದನ್ನು ಸುಳ್ಳು ವಾದವೆಂದು ತಿರಸ್ಕರಿಸಿದನು. ಹಳೆಯ ಬೋಧನೆಯು ಹೀಗೆ ಹಿಂದಕ್ಕೆ ಸರಿಯುವಾಗ ಬೋಧಕನ ಪ್ರವಾದಿತ್ವಕ್ಕೆ ಮಾತ್ರ ಧಕ್ಕೆ ತಗಲುವುದಿಲ್ಲ.

ಮಾರ್ಮನರ ಉತ್ತರವನ್ನು ನ್ಯಾಯವಾಗಿ ಕೇಳಬೇಕು. ದೇವರು ಇನ್ನೂ ಮಾತನಾಡುತ್ತಾನೆ, ಪ್ರಕಟನೆಯು ಮುಂದುವರಿಯುತ್ತದೆ ಎಂಬುದು ಅವರ ವಿಶ್ವಾಸದ ಮೂಲಸೂತ್ರ. ಅಪೊಸ್ತಲರಲ್ಲಿ ಒಬ್ಬನಾದ ಬ್ರೂಸ್ ಮೆಕಾಂಕಿಯು 1978ರ ಆಗಸ್ಟಿನಲ್ಲಿ, ತಾನೂ ಯಂಗನೂ ಇದಕ್ಕೆ ವಿರುದ್ಧವಾಗಿ ಹೇಳಿದ್ದೆಲ್ಲವನ್ನೂ ಮರೆತುಬಿಡುವಂತೆ ಕೇಳಿಕೊಂಡನು. ಆಗ ತಮಗಿದ್ದ ಬೆಳಕು ಅಲ್ಪವಾಗಿತ್ತೆಂದನು. ಬದಲಾವಣೆಯೇ ದೋಷವೆಂದು ನಾವೂ ಹೇಳಲಾರೆವು. ಯೊಪ್ಪದ ಮಾಳಿಗೆಯ ಮೇಲೆ ಪೇತ್ರನ ಮನಸ್ಸು ಬದಲಾಗದೆ ಇದ್ದಿದ್ದರೆ ಅನ್ಯಜನರಾದ ನಮಗೆ ಸಭೆಯಲ್ಲಿ ಸ್ಥಳವೆಲ್ಲಿರುತ್ತಿತ್ತು? ಆದರೆ ಬೆಳಕು ಸಾಲದೆ ದಾರಿ ಕಾಣದಿರುವುದು ಒಂದು. ಆ ಕತ್ತಲೆಯಲ್ಲಿ ಮತ್ತೊಬ್ಬನನ್ನು ತುಳಿದು ಅದೇ ದೇವರ ಆಜ್ಞೆಯೆಂದು ಹೇಳುವುದು ಇನ್ನೊಂದು. ಮೊದಲನೆಯದಕ್ಕೆ ಹೊಸ ಪ್ರಕಟನೆ ಸಾಕಾದೀತು. ಎರಡನೆಯದಕ್ಕೆ ಪಶ್ಚಾತ್ತಾಪವೇ ಬೇಕು.

ತುಳಿತಕ್ಕೊಳಗಾದವರು ನಿಜವಾದ ಮನುಷ್ಯರು. ಜೇನ್ ಮ್ಯಾನಿಂಗ್ ಜೇಮ್ಸ್ ಎಂಬ ಕಪ್ಪುವರ್ಣೀಯ ಸ್ತ್ರೀಯು ನಾವೂ ಪಟ್ಟಣದಲ್ಲಿ ಸ್ಮಿತ್‌ನ ಮನೆಯಲ್ಲಿ ಕೆಲಸಮಾಡಿ, ಮುಂದೆ ಯೂಟಾಕ್ಕೂ ಬಂದು ನೆಲಸಿದಳು. ದೇವಾಲಯದ ಸಂಸ್ಕಾರಕ್ಕಾಗಿ ಅವಳು ಮತ್ತೆ ಮತ್ತೆ ಬೇಡಿಕೊಂಡಳು. 1894ರಲ್ಲಿ ಅವಳಿಗೆ ದೊರೆತದ್ದು, ನಿತ್ಯತ್ವದಲ್ಲಿಯೂ ಸ್ಮಿತ್‌ನ ಕುಟುಂಬಕ್ಕೆ ಸೇವಕಿಯಾಗಿ ಸೇರಿಸುವ ಒಂದು ವಿಶೇಷ ಸಂಸ್ಕಾರ. ಅದಕ್ಕೂ ಅವಳನ್ನು ಒಳಗೆ ಬಿಡಲಿಲ್ಲ. ಅವಳ ಬದಲಿಗೆ ಬೇರೊಬ್ಬಳು ನಿಂತಳು. ಅವಳು 1908ರಲ್ಲಿ ತೀರಿಹೋದಳು. ಅವಳನ್ನು ಹೊರಗಿಟ್ಟವರು ದೇವರೋ ಮನುಷ್ಯರೋ? ದೇವರೆಂದರೆ ಕಾರಣಗಳನ್ನು ನಿರಾಕರಿಸಿ ಪ್ರಯೋಜನವಿಲ್ಲ. ಕಾರಣವಿಲ್ಲದ ಅನ್ಯಾಯವು ದೇವರ ತಲೆಗೇ ಬೀಳುತ್ತದೆ. ಮನುಷ್ಯರೆಂದರೆ ಅವರ ತಪ್ಪನ್ನು ತಪ್ಪೆಂದೇ ಹೇಳಬೇಕು. ಪ್ರಬಂಧವು ಈ ಎರಡರ ನಡುವೆ ಮೌನವಾಗಿ ನಿಲ್ಲುತ್ತದೆ. ಸಾಹಿತ್ಯದೃಷ್ಟಿಯಿಂದ ಇದು ಜಾಣತನವಾಗಿರಬಹುದು. ದೇವಶಾಸ್ತ್ರದ ದೃಷ್ಟಿಯಿಂದ ಇದೇ ಅದರ ಸೋಲು.

ಸತ್ಯವೇದವು ಬೇರೊಂದು ವ್ಯಾಕರಣವನ್ನು ಕಲಿಸುತ್ತದೆ. ದಾನಿಯೇಲನು ಒಂಬತ್ತನೆಯ ಅಧ್ಯಾಯದಲ್ಲಿ ಪಿತೃಗಳ ಪಾಪವನ್ನು ಅರಿಕೆಮಾಡುವಾಗ ಅವರು ಎನ್ನುವುದಿಲ್ಲ, ನಾವು ಎನ್ನುತ್ತಾನೆ; ಅರಸರನ್ನೂ ಪ್ರಧಾನರನ್ನೂ ಹೆಸರಿಸುವಾಗಲೂ ತನ್ನನ್ನು ಅವರ ಸಾಲಿನಲ್ಲಿಯೇ ನಿಲ್ಲಿಸಿಕೊಳ್ಳುತ್ತಾನೆ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಊಟದಿಂದ ಹಿಂಜರಿದಾಗ ಪೌಲನು ಎಲ್ಲರ ಎದುರಿನಲ್ಲಿಯೇ ಅವನನ್ನು ಎದುರಿಸಿದನು. ಪೇತ್ರನು ತಪ್ಪಿದನೆಂಬುದನ್ನು ಬರೆದಿಟ್ಟದ್ದರಿಂದ ಅವನ ಅಪೊಸ್ತಲತ್ವವು ಅಳಿಯಲಿಲ್ಲ.

ಇಷ್ಟು ಬರೆದ ಮೇಲೆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸಬೇಕು. ಹಾಮನ ಶಾಪದ ವಾದವನ್ನು ಮಾರ್ಮನರು ಹುಟ್ಟಿಸಲಿಲ್ಲ. ಅವರಿಗಿಂತ ಮುಂಚೆಯೇ ಪ್ರೊಟೆಸ್ಟೆಂಟ್ ಪ್ರಸಂಗಪೀಠಗಳಲ್ಲಿ ಅದು ದಾಸ್ಯದ ಸಮರ್ಥನೆಯಾಗಿತ್ತು. ಆದಿಕಾಂಡದ ಒಂಬತ್ತನೆಯ ಅಧ್ಯಾಯದಲ್ಲಿ ಶಾಪವು ಹಾಮನ ಮೇಲಲ್ಲ, ಕಾನಾನನ ಮೇಲಿದೆ ಎಂಬುದನ್ನೂ, ಅಲ್ಲಿ ಚರ್ಮದ ಬಣ್ಣದ ಮಾತೇ ಇಲ್ಲವೆಂಬುದನ್ನೂ ನಮ್ಮ ಪಂಡಿತರು ಕಾಣದೆ ಹೋದರು. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು ದಾಸ್ಯದ ವಿಷಯವಾಗಿ ಕ್ಷಮೆ ಬೇಡಿದ್ದು 1995ರಲ್ಲಿ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದನೀತಿಗೆ ಬೆಂಬಲವಾಗಿ ನಿಂತದ್ದು ಸುಧಾರಿತ ಸಭೆಯೇ. 1982ರಲ್ಲಿ ಅದಕ್ಕೆ ಎದುರಾಗಿ ಬೆಲ್ಹಾರ್ ವಿಶ್ವಾಸಪ್ರಮಾಣವನ್ನು ರೂಪಿಸಿದ್ದು ಅದೇ ಕುಟುಂಬದ, ಬಿಳಿಯರಿಂದ ಬೇರ್ಪಡಿಸಲ್ಪಟ್ಟಿದ್ದ ಸಭೆ. ನಮ್ಮ ದೇಶದ ಸಭೆಗಳಲ್ಲಿಯೂ ಜಾತಿಗೊಂದು ಪಂಕ್ತಿ, ಜಾತಿಗೊಂದು ಸಮಾಧಿಭೂಮಿ ಇದ್ದ ಕಡೆಗಳಿವೆ. ಅದನ್ನು ನೆನೆಯುವಾಗ ನಾವು ಬಳಸುವ ಮಾತು ಯಾವುದು? ಅಂದಿನ ಸಮಾಜವೇ ಹಾಗಿತ್ತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವಾದರೆ, ನಮ್ಮ ವಾಕ್ಯದಲ್ಲಿಯೂ ಕರ್ತೃಪದವು ಕಾಣೆಯಾಗಿದೆ.

ಮಾರ್ಮನ್ ಸಭೆಯ ಪ್ರಬಂಧವನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ಅದನ್ನು ಹೀಗಳೆಯುವುದಕ್ಕಾಗಿ ಅಲ್ಲ. ನಿರಾಕರಣೆಯು ಎಲ್ಲಿಗೆ ನಿಂತುಬಿಡುತ್ತದೆ, ಅರಿಕೆಯು ಎಲ್ಲಿಂದ ಪ್ರಾರಂಭವಾಗಬೇಕು ಎಂಬುದನ್ನು ಗುರುತಿಸುವುದಕ್ಕಾಗಿ. ಐಥಿಯೋಪ್ಯದ ಕಂಚುಕಿಯು ನೀರನ್ನು ಕಂಡು ತನ್ನ ದೀಕ್ಷಾಸ್ನಾನಕ್ಕೆ ಅಡ್ಡಿಯೇನೆಂದು ಕೇಳಿದಾಗ ಫಿಲಿಪ್ಪನು ರಥದಿಂದಿಳಿದು ಅವನ ಸಂಗಡ ನೀರಿಗೆ ಹೋದನು. ಆ ಪ್ರಶ್ನೆಗೆ ಅಡ್ಡಿಯುಂಟೆಂದು ಎಂದಾದರೂ ಉತ್ತರ ಕೊಟ್ಟ ಪ್ರತಿಯೊಂದು ಸಭೆಯೂ, ಯಾವ ಹೆಸರಿನದಾದರೂ ಸರಿ, ಆ ಉತ್ತರ ತನ್ನದೇ ಆಗಿತ್ತೆಂದು ಮೊದಲು ಹೇಳಲು ಕಲಿಯಬೇಕು.